ಒಂದೇ ಫೈಲೋ, ಪ್ರೊಸೆಸರ್‌ಗೊಂದು ಫೈಲೋ? ಆರಿಸುವ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆ

'ನುಡಿ', 'ಬರಹ' ತಂತ್ರಾಂಶಗಳ ಹಳೆಯ ಎನ್‌ಕೋಡಿಂಗ್‌ನಲ್ಲಿರುವ ಪಠ್ಯವನ್ನು ಯೂನಿಕೋಡ್‌ಗೆ ಬದಲಿಸುವ ಒಂದು ಪುಟ್ಟ ಟೂಲ್ ನಾನು ಬಿಡುವಿನಲ್ಲಿ ಬರೆಯುತ್ತೇನೆ. ಮ್ಯಾಕ್‌ಗೆ ಅದನ್ನು ಮೊದಲ ಸಲ ಬಿಟ್ಟಾಗ ಪುಟದಲ್ಲಿ ಎರಡು ಡೌನ್‌ಲೋಡ್ ಇಟ್ಟಿದ್ದೆ. ಒಂದು 'ಇಂಟೆಲ್', ಇನ್ನೊಂದು 'ಆ್ಯಪಲ್ ಚಿಪ್'. ಮೂರನೇ ದಿನ ಮೈಸೂರಿನ ಒಂದು ಮುದ್ರಣಾಲಯದಿಂದ ಫೋನ್ ಬಂತು. ಆ್ಯಪ್ ತೆರೆಯುತ್ತಲೇ ಇಲ್ಲ, ಈ ಮ್ಯಾಕ್‌ಗೆ ಇದು ಹೊಂದುವುದಿಲ್ಲ ಅನ್ನುತ್ತಿದೆ ಎಂದರು. ಯಾವುದನ್ನು ಇಳಿಸಿಕೊಂಡಿರಿ ಎಂದು ಕೇಳಿದೆ. "ನಮ್ದು ಆ್ಯಪಲ್ ಕಂಪನೀದೇ ಅಲ್ವಾ ಸರ್? ಅದಕ್ಕೇ ಆ್ಯಪಲ್ ಅಂತ ಇರೋದನ್ನ ಒತ್ತಿದೆ" ಎಂದರು. ಅವರ ಮೇಜಿನ ಮೇಲಿದ್ದದ್ದು 2017ರ ಐಮ್ಯಾಕ್. ಒಳಗಿದ್ದದ್ದು ಇಂಟೆಲ್ ಪ್ರೊಸೆಸರ್.

ಅವರ ತರ್ಕದಲ್ಲಿ ಒಂದು ತಪ್ಪೂ ಇಲ್ಲ. ತಪ್ಪು ನನ್ನದು. ಉತ್ತರ ಗೊತ್ತಿಲ್ಲದವರ ಮುಂದೆ ಪ್ರಶ್ನೆ ಇಟ್ಟಿದ್ದೆ. ಅಂದಿನಿಂದ ಯಾವ ಪ್ಲಾಟ್‌ಫಾರ್ಮ್‌ಗೆ ಪ್ರೋಗ್ರಾಂ ಬಿಡುವಾಗಲೂ ಮೊದಲು ಕೇಳಿಕೊಳ್ಳುವುದು ಒಂದೇ: ಕೊನೆಯ ಹೆಜ್ಜೆಯಲ್ಲಿ ಸರಿಯಾದ ಕೋಡನ್ನು ಆರಿಸುವವರು ಯಾರು? ಸ್ಟೋರ್, ಪ್ಯಾಕೇಜ್ ಮ್ಯಾನೇಜರ್, ರಿಜಿಸ್ಟ್ರಿ ಇಂಥ ಯಾವುದೋ ಸಾಫ್ಟ್‌ವೇರ್ ಆರಿಸುವುದಾದರೆ ಬೇರೆ ಬೇರೆ ಫೈಲ್ ಮಾಡಿ. ಮನುಷ್ಯರೇ ಆರಿಸಬೇಕಾದರೆ ಎಲ್ಲವನ್ನೂ ಒಂದೇ ಫೈಲ್‌ಗೆ ಹಾಕಿ. ಈ ಬರಹದ ಉಳಿದ ಭಾಗವೆಲ್ಲ ಈ ಮಾತು ಎಲ್ಲಿ ಸರಿ ಹೋಗುತ್ತದೆ, ಎಲ್ಲಿ ತೊಡಕಾಗುತ್ತದೆ ಎಂಬುದರ ಬಗ್ಗೆ.

ಫ್ಯಾಟ್ ಬೈನರಿ ಒಳಗೆ ಏನಿರುತ್ತದೆ

ಕಂಪೈಲ್ ಆದ ಕೋಡ್ ಒಂದು ಪ್ರೊಸೆಸರ್ ಕುಟುಂಬದ ಭಾಷೆಯಲ್ಲಿರುತ್ತದೆ. ಇಂಟೆಲ್‌ನ ಭಾಷೆ, ಆ್ಯಪಲ್ ಚಿಪ್‌ಗಳೂ ಬಹುಪಾಲು ಫೋನ್‌ಗಳೂ ಸೇರಿದ ಆರ್ಮ್ ಕುಟುಂಬಕ್ಕೆ ಅರ್ಥವಾಗುವುದಿಲ್ಲ. ಎರಡಕ್ಕೂ ಬೇರೆ ಬೇರೆಯಾಗಿ ಕಂಪೈಲ್ ಮಾಡಿ, ಆ ಎರಡನ್ನೂ ಒಂದೇ ಫೈಲ್‌ನಲ್ಲಿ ಇಟ್ಟರೆ ಅದೇ ಫ್ಯಾಟ್ ಬೈನರಿ. ಟಿಫಿನ್ ಕ್ಯಾರಿಯರ್ ನೆನಪಿಸಿಕೊಳ್ಳಿ. ಡಬ್ಬಿಗಳು ಬೇರೆ ಬೇರೆ, ಹಿಡಿ ಮಾತ್ರ ಒಂದೇ. ಒಂದು ಡಬ್ಬಿಯ ಸಾರು ಇನ್ನೊಂದಕ್ಕೆ ಬೆರೆಯುವುದಿಲ್ಲ.

ಮ್ಯಾಕ್‌ನ ಫೈಲ್‌ನಲ್ಲಿ ಈ ಹಿಡಿ ತುಂಬಾ ಸರಳ. ಮೊದಲ 8 ಬೈಟ್‌ನಲ್ಲಿ ಒಂದು ಗುರುತು ಮತ್ತು ಎಷ್ಟು ಡಬ್ಬಿ ಇದೆ ಎಂಬ ಲೆಕ್ಕ. ಆಮೇಲೆ ಪ್ರತಿ ಡಬ್ಬಿಗೂ 20 ಬೈಟ್: ಯಾವ ಪ್ರೊಸೆಸರ್, ಅದರಲ್ಲೂ ಯಾವ ಉಪಜಾತಿ, ಫೈಲ್‌ನಲ್ಲಿ ಎಲ್ಲಿಂದ ಶುರು, ಎಷ್ಟು ಉದ್ದ, ಯಾವ ಅಳತೆಯ ಗಡಿಗೆ ಹೊಂದಿಸಿ ಇಡಬೇಕು. ಅಷ್ಟೇ. ಈ ಡಬ್ಬಿಗಳಿಗೆ ಸ್ಲೈಸ್ ಅನ್ನುತ್ತಾರೆ. ಗುರುತಿನ ಆ ನಾಲ್ಕು ಬೈಟನ್ನು ಹೆಕ್ಸ್‌ನಲ್ಲಿ ಓದಿದರೆ 'ಕೆಫೆ ಬೇಬ್' ಎಂದು ಬರುತ್ತದೆ. ಜಾವಾದ ಕ್ಲಾಸ್ ಫೈಲ್‌ಗೂ ಅದೇ ಗುರುತು! ಹಾಗಾಗಿ ಫೈಲ್ ಯಾವ ಜಾತಿಯದು ಎಂದು ಹೇಳುವ ಟೂಲ್‌ಗಳು ನಂತರದ ಬೈಟ್‌ಗಳನ್ನೂ ನೋಡಿಯೇ ತೀರ್ಮಾನ ಮಾಡಬೇಕು.

ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ಬಿಡಿಸಲೇಬೇಕು. ಫ್ಯಾಟ್ ಬೈನರಿ ಓಡಿಸಿದರೆ ಮೆಮೊರಿ ಎರಡು ಪಟ್ಟು ಬೇಕು, ನಿಧಾನ ಆಗುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಹಾಗಿಲ್ಲ. ಸಿಸ್ಟಂ ತಲೆಭಾಗ ಓದಿ ತನಗೆ ಬೇಕಾದ ಸ್ಲೈಸನ್ನು ಮಾತ್ರ ಮೆಮೊರಿಗೆ ತರುತ್ತದೆ. ಇನ್ನೊಂದು ಡಿಸ್ಕ್‌ನಲ್ಲಿ ಸುಮ್ನೆ ಕೂತಿರುತ್ತದೆ. ಬೆಲೆ ಬೀಳುವುದು ಡೌನ್‌ಲೋಡ್‌ಗೆ ಮತ್ತು ಡಿಸ್ಕ್‌ಗೆ. ಅದೂ ಕೋಡ್‌ಗೆ ಮಾತ್ರ. ಚಿತ್ರ, ಫಾಂಟ್, ಅನುವಾದದ ಫೈಲ್‌ಗಳು ಎರಡು ಸಲ ಬರುವುದಿಲ್ಲ. ನನ್ನ ಟೂಲ್‌ನಲ್ಲಿ ಫಾಂಟ್‌ಗಳೇ ಜಾಸ್ತಿ, ಕೋಡ್ ಕಡಿಮೆ. ಎರಡು ಸ್ಲೈಸ್ ಹಾಕಿದ ಮೇಲೆ ಗಾತ್ರದಲ್ಲಿ ವ್ಯತ್ಯಾಸ ಕಂಡೂ ಕಾಣದಷ್ಟು. ಇಡೀ ಬ್ರೌಸರ್ ಎಂಜಿನ್ ಹೊತ್ತು ತಿರುಗುವ ಎಲೆಕ್ಟ್ರಾನ್ ಆ್ಯಪ್‌ನ ಕಥೆ ಬೇರೆ. ಅಲ್ಲಿ ಕೋಡೇ ದೊಡ್ಡದು, ಡೌನ್‌ಲೋಡ್ ಚೆನ್ನಾಗಿಯೇ ಉಬ್ಬುತ್ತದೆ. ಯಾರೋ ಹೇಳಿದ್ದನ್ನು ನಂಬುವ ಬದಲು ನಿಮ್ಮ ಆ್ಯಪ್‌ನಲ್ಲಿ ಕೋಡ್ ಎಷ್ಟು, ಉಳಿದದ್ದೆಷ್ಟು ಎಂದು ಮೊದಲು ಅಳೆದು ನೋಡಿ.

ಮ್ಯಾಕ್: ಇಲ್ಲಿ ಒಂದೇ ಫೈಲ್ ಗೆಲ್ಲುತ್ತದೆ

ಈ ಉಪಾಯ ಹಳೆಯದು. 1994ರಲ್ಲಿ ಆ್ಯಪಲ್ ಮೊಟೊರೋಲಾ 68ಕೆ ಪ್ರೊಸೆಸರ್ ಬಿಟ್ಟು ಪವರ್‌ಪಿಸಿಗೆ ಹೋದಾಗಲೇ ಫ್ಯಾಟ್ ಬೈನರಿ ಇತ್ತು. ಅತ್ತ ನೆಕ್ಸ್ಟ್ ಕಂಪನಿಯ ನೆಕ್ಸ್ಟ್‌ಸ್ಟೆಪ್‌ನಲ್ಲಿ 68ಕೆ, ಇಂಟೆಲ್, ಎಚ್‌ಪಿಯ ಪಿಎ-ರಿಸ್ಕ್, ಸನ್‌ನ ಸ್ಪಾರ್ಕ್, ಹೀಗೆ ನಾಲ್ಕು ಡಬ್ಬಿಯ ಫೈಲ್‌ಗಳಿದ್ದವು. ಆ್ಯಪಲ್ ನೆಕ್ಸ್ಟ್ ಅನ್ನು ಕೊಂಡ ಮೇಲೆ ಆ ತಂತ್ರ ಮ್ಯಾಕ್‌ಗೂ ಬಂತು. 2005ರಲ್ಲಿ ಇಂಟೆಲ್‌ಗೆ ಹೋಗುವುದಾಗಿ ಘೋಷಿಸಿದಾಗ ಅದಕ್ಕೆ 'ಯೂನಿವರ್ಸಲ್' ಎಂಬ ಹೆಸರಾಯಿತು. 2020ರಲ್ಲಿ ಆ್ಯಪಲ್‌ನದೇ ಆರ್ಮ್ ಚಿಪ್ ಎಂ1 ಬಂದಾಗ 'ಯೂನಿವರ್ಸಲ್ 2'.

ಮ್ಯಾಕ್‌ನಲ್ಲಿ ನಿಮಗಿರುವ ದಾರಿ ಮೂರು: ಯೂನಿವರ್ಸಲ್ ಫೈಲ್, ಎರಡು ಪ್ರತ್ಯೇಕ ಫೈಲ್, ಅಥವಾ ಇಂಟೆಲ್ ಒಂದನ್ನೇ ಕೊಟ್ಟು ಉಳಿದದ್ದನ್ನು ರೊಸೆಟ್ಟಾ 2ಕ್ಕೆ ಬಿಡುವುದು.

ಮೂರನೆಯದನ್ನು ಈಗಲೇ ಪಕ್ಕಕ್ಕಿಡೋಣ. ರೊಸೆಟ್ಟಾ ಇಂಟೆಲ್ ಕೋಡನ್ನು ಆರ್ಮ್‌ಗೆ ಅನುವಾದಿಸಿ ಓಡಿಸುತ್ತದೆ, ಅದೂ ಅಚ್ಚರಿ ಪಡುವಷ್ಟು ಚೆನ್ನಾಗಿ. ಆದರೆ ಅದರ ದಿನ ಮುಗಿಯುತ್ತಿದೆ. ಇಂಟೆಲ್ ಮ್ಯಾಕ್‌ಗಳಿಗೆ ಮ್ಯಾಕ್‌ಓಎಸ್ 26 ಕೊನೆಯ ಆವೃತ್ತಿ ಎಂದು ಆ್ಯಪಲ್ 2025ರ ಜೂನ್‌ನಲ್ಲಿ ಹೇಳಿತು. ರೊಸೆಟ್ಟಾ ಪೂರ್ಣವಾಗಿ ಸಿಗುವುದು 27ರ ತನಕ. ಆಮೇಲೆ ಕೆಲವು ಹಳೆಯ ಆಟಗಳಿಗೆ ಬೇಕಾಗುವಷ್ಟನ್ನು ಮಾತ್ರ ಉಳಿಸುತ್ತಾರಂತೆ. ಹಿಂದೆಯೂ ಹೀಗೇ ಆಗಿತ್ತು. ಮೊದಲ ರೊಸೆಟ್ಟಾ 2006ರಲ್ಲಿ ಬಂದು, 2011ರ ಲಯನ್ ಆವೃತ್ತಿಯಲ್ಲಿ ಹೋಯಿತು. ಇಂಟೆಲ್ ಮಾತ್ರ ಬಿಡುತ್ತಿರುವವರು ಆರ್ಮ್ ಬಿಲ್ಡ್ ಮಾಡುವುದನ್ನು ಇನ್ನು ಮುಂದೂಡಬಾರದು.

ಉಳಿದದ್ದು ಒಂದೋ ಎರಡೋ ಎಂಬ ಪ್ರಶ್ನೆ. ಪುಟಕ್ಕೆ ಬಂದವರ ಮ್ಯಾಕ್ ಯಾವುದು ಎಂದು ಬ್ರೌಸರ್‌ನಿಂದ ತಿಳಿದುಕೊಂಡು ಸರಿಯಾದ ಫೈಲ್ ಕೊಟ್ಟರಾಯಿತಲ್ಲ ಎಂದು ನಿಮಗೂ ಅನ್ನಿಸಬಹುದು. ನಾನೂ ಅದನ್ನೇ ಮಾಡಹೊರಟಿದ್ದೆ. ಆಗಲಿಲ್ಲ. ಸಫಾರಿ ಎಂ1 ಮ್ಯಾಕ್‌ನಲ್ಲಿ ಓಡುತ್ತಿದ್ದರೂ ತನ್ನನ್ನು 'ಇಂಟೆಲ್ ಮ್ಯಾಕ್' ಎಂದೇ ಪರಿಚಯಿಸಿಕೊಳ್ಳುತ್ತದೆ. ಹಳೆಯ ವೆಬ್‌ಸೈಟ್‌ಗಳು ಮುರಿಯದಿರಲಿ ಎಂದು ಆ ಸಾಲನ್ನು ಹಾಗೇ ಬಿಟ್ಟಿದ್ದಾರೆ. ಅಂದರೆ ನಿಮ್ಮ ಪುಟಕ್ಕೂ ಗೊತ್ತಿಲ್ಲ, ಇಳಿಸಿಕೊಳ್ಳುವವರಿಗೂ ಗೊತ್ತಿಲ್ಲ. ಗೊತ್ತಿರುವುದು ಆಪರೇಟಿಂಗ್ ಸಿಸ್ಟಂಗೆ ಮಾತ್ರ. ಆಯ್ಕೆಯನ್ನು ಅದಕ್ಕೇ ಒಪ್ಪಿಸುವುದು ಯೂನಿವರ್ಸಲ್ ಫೈಲ್‌ನಿಂದ ಮಾತ್ರ ಸಾಧ್ಯ.

ಮೈಕ್ರೋಸಾಫ್ಟ್‌ನ ಕೋಡ್ ಎಡಿಟರ್ ವಿಎಸ್ ಕೋಡ್‌ನವರು ಮೂರು ಥರದ ಫೈಲನ್ನೂ ಕೊಡುತ್ತಾರೆ: ಇಂಟೆಲ್, ಆ್ಯಪಲ್ ಸಿಲಿಕಾನ್ (ಅಂದರೆ ಆ್ಯಪಲ್ ಚಿಪ್), ಯೂನಿವರ್ಸಲ್. ನಿಮ್ಮ ಆ್ಯಪ್ ದೊಡ್ಡದಾಗಿದ್ದರೆ ಇದು ಒಳ್ಳೆಯ ದಾರಿ. ದೊಡ್ಡ ಬಟನ್ ಯೂನಿವರ್ಸಲ್‌ದು ಇರಲಿ. ಗೊತ್ತಿದ್ದವರು ಕೆಳಗಿನ ಸಣ್ಣ ಲಿಂಕ್ ಒತ್ತಿಕೊಳ್ಳಲಿ.

ಪೈಥಾನ್‌ನಲ್ಲಿ ಇದೇ ಪ್ರಶ್ನೆಗೆ ಎರಡು ಉತ್ತರ ಕಾಣುತ್ತದೆ. ಪೈಥಾನ್‌ನ ಅಧಿಕೃತ ಮ್ಯಾಕ್ ಇನ್‌ಸ್ಟಾಲರ್ ಯೂನಿವರ್ಸಲ್, ಯಾಕೆಂದರೆ ಅದನ್ನು ಮನುಷ್ಯರು ಇಳಿಸಿಕೊಳ್ಳುತ್ತಾರೆ. ನಂಪೈ ಥರದ ಲೈಬ್ರರಿಗಳು ಮಾತ್ರ ಆರ್ಮ್‌ಗೊಂದು, ಇಂಟೆಲ್‌ಗೊಂದು ಬೇರೆ ಬೇರೆ ವೀಲ್ (ಇನ್‌ಸ್ಟಾಲ್‌ಗೆ ಸಿದ್ಧವಾದ ಫೈಲ್) ಕೊಡುತ್ತವೆ, ಯಾಕೆಂದರೆ ಅಲ್ಲಿ ಆರಿಸುವುದು ಪೈಥಾನ್‌ನ ಪ್ಯಾಕೇಜ್ ಮ್ಯಾನೇಜರ್ ಪಿಪ್. ಮ್ಯಾಕ್‌ನ ಪ್ಯಾಕೇಜ್ ಮ್ಯಾನೇಜರ್ ಹೋಮ್‌ಬ್ರೂ ಕೂಡ ಹಾಗೇ. ಪಿಪ್‌ಗೆ ನಿಮ್ಮ ಪ್ರೊಸೆಸರ್ ಗೊತ್ತು. ಅದಕ್ಕೆ ಎರಡು ಡಬ್ಬಿ ಕೊಟ್ಟು ಒಂದನ್ನು ಬಿಸಾಡಿಸುವುದು ವ್ಯರ್ಥ.

ಕಟ್ಟುವಾಗ ಎಡವುವ ಜಾಗಗಳು

ಮ್ಯಾಕ್‌ನ ಕಂಪೈಲರ್ ಕ್ಲ್ಯಾಂಗ್‌ಗೆ ಎರಡು ಆರ್ಕಿಟೆಕ್ಚರ್ (ಪ್ರೊಸೆಸರ್ ಕುಟುಂಬ) ಹೆಸರು ಕೊಟ್ಟರೆ ಒಂದೇ ಸಲಕ್ಕೆ ಯೂನಿವರ್ಸಲ್ ಬರುತ್ತದೆ. ಬಿಲ್ಡ್ ಟೂಲ್ ಸಿಮೇಕ್‌ನಲ್ಲೂ ಒಂದೇ ಸಾಲು. ನಿಮ್ಮದೇ ಕೋಡ್ ಆದರೆ ಇದು ಸಾಕು. ಹಳೆಯ ಲೈಬ್ರರಿಗಳಲ್ಲಿ ಕಾನ್ಫಿಗರ್ ಸ್ಕ್ರಿಪ್ಟ್ ಇದ್ದರೆ ಎಚ್ಚರ. ಅದು ಬಿಲ್ಡ್ ಮಾಡುವ ಯಂತ್ರವನ್ನು ಒಂದು ಸಲ ಪರೀಕ್ಷಿಸಿ, ಸಿಕ್ಕ ಉತ್ತರವನ್ನು ಒಂದೇ ಹೆಡರ್ ಫೈಲ್‌ನಲ್ಲಿ ಬರೆದಿಡುತ್ತದೆ. ನಿಮ್ಮ ಎಂ2 ಮ್ಯಾಕ್‌ನಲ್ಲಿ ಕಂಡುಕೊಂಡ ಉತ್ತರವೇ ಇಂಟೆಲ್ ಸ್ಲೈಸ್‌ಗೂ ಅಂಟುತ್ತದೆ. ಕಂಪೈಲ್ ಆಗುತ್ತದೆ, ಓಡುತ್ತದೆ, ಎಲ್ಲೋ ಒಂದು ಕಡೆ ತಪ್ಪು ಲೆಕ್ಕ ಕೊಡುತ್ತದೆ. ಅದಕ್ಕೇ ನಾನು ಹಿಡಿದಿರುವ ಪದ್ಧತಿ: ಎರಡು ಬೇರೆ ಫೋಲ್ಡರ್, ಎರಡು ಪೂರ್ತಿ ಬಿಲ್ಡ್, ಕೊನೆಗೆ ಆ್ಯಪಲ್‌ನ ಲಿಪೊ ಟೂಲ್‌ನಿಂದ ಜೋಡಣೆ. ರಸ್ಟ್, ಗೋ ಭಾಷೆಗಳಲ್ಲೂ ಇದೇ ದಾರಿ. ಸಮಯ ಜಾಸ್ತಿ ಹಿಡಿಯುತ್ತದೆ, ಆದರೆ ಮನಸ್ಸಿಗೆ ನೆಮ್ಮದಿ.

ಸಹಿ ಹಾಕುವುದು ಜೋಡಿಸಿದ ಮೇಲೆ. ಪ್ರತಿ ಸ್ಲೈಸ್‌ಗೂ ಅದರದ್ದೇ ಕೋಡ್ ಸಹಿ, ಅಂದರೆ ಕೋಡ್ ಬದಲಾಗಿಲ್ಲ ಎಂದು ತೋರಿಸುವ ಡಿಜಿಟಲ್ ಸಹಿ ಇರುತ್ತದೆ. ಆ್ಯಪಲ್ ಸಿಲಿಕಾನ್‌ನಲ್ಲಿ ಸಹಿಯೇ ಇಲ್ಲದ ಆರ್ಮ್ ಕೋಡ್ ಓಡುವುದೇ ಇಲ್ಲ. ಕೊನೆಯ ಫೈಲ್‌ಗೆ ಒಮ್ಮೆ ಸಹಿ ಹಾಕಿ, ಪರಿಶೀಲಿಸಿ, ಆಮೇಲೆ ಮುಟ್ಟಬೇಡಿ.

ಬೇರೆಯವರ ಲೈಬ್ರರಿ ಒಂದೇ ಸ್ಲೈಸ್‌ನಲ್ಲಿದ್ದರೆ ನಿಮ್ಮ ಇಡೀ ಯೋಜನೆ ಅಲ್ಲಿಗೆ ನಿಲ್ಲುತ್ತದೆ. ಒಂದು ಪ್ರೊಸೆಸ್‌ನೊಳಗೆ ಲೋಡ್ ಆಗುವುದೆಲ್ಲ ಒಂದೇ ಜಾತಿಯದ್ದಾಗಿರಬೇಕು. ಅರ್ಧ ಆರ್ಮ್, ಅರ್ಧ ಇಂಟೆಲ್ ನಡೆಯುವುದಿಲ್ಲ. ಪ್ಲಗಿನ್ ಬರೆಯುವವರಿಗೆ ಇದು ಇನ್ನೂ ಮುಖ್ಯ. ನಿಮ್ಮ ಪ್ಲಗಿನ್ ಯಾರ ಮನೆಯೊಳಗೆ ಹೋಗುತ್ತದೆ ಎಂಬುದು ನಿಮ್ಮ ಕೈಯಲ್ಲಿಲ್ಲ. ಎಂ1 ಮ್ಯಾಕ್‌ನಲ್ಲೂ ಬಳಸುವವರು ಹೋಸ್ಟ್ ಆ್ಯಪನ್ನು (ಪ್ಲಗಿನ್ ಸೇರಿಕೊಳ್ಳುವ ಆ್ಯಪನ್ನು) ರೊಸೆಟ್ಟಾದಲ್ಲಿ ತೆರೆದಿರಬಹುದು. ಆಗ ಬೇಕಾಗುವುದು ಇಂಟೆಲ್ ಸ್ಲೈಸ್. ಹಾಗಾಗಿ ಮ್ಯಾಕ್ ಪ್ಲಗಿನ್‌ಗಳು ಯೂನಿವರ್ಸಲ್ ಆಗಿರಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಐಫೋನ್ ಲೈಬ್ರರಿ ಮಾಡುವವರಿಗೆ ಒಂದು ಮಾತು. ಹಿಂದೆ ಫೋನಿನ ಆರ್ಮ್ ಸ್ಲೈಸನ್ನೂ ಮ್ಯಾಕ್‌ನಲ್ಲಿ ಐಫೋನನ್ನು ಅನುಕರಿಸುವ ಸಿಮ್ಯುಲೇಟರ್‌ನ ಇಂಟೆಲ್ ಸ್ಲೈಸನ್ನೂ ಲಿಪೊದಿಂದ ಸೇರಿಸಿ ಕೊಡುತ್ತಿದ್ದರು. ಈಗ ಸಿಮ್ಯುಲೇಟರ್ ಕೂಡ ಆರ್ಮ್ ಮ್ಯಾಕ್‌ನಲ್ಲಿ ಓಡುತ್ತದೆ. ಎರಡೂ ಆರ್ಮ್64, ಪ್ಲಾಟ್‌ಫಾರ್ಮ್ ಮಾತ್ರ ಬೇರೆ. ಒಂದೇ ಹೆಸರಿನ ಎರಡು ಡಬ್ಬಿಯನ್ನು ಲಿಪೊ ಒಪ್ಪುವುದಿಲ್ಲ. ಅಲ್ಲಿ 2019ರಲ್ಲಿ ಬಂದ ಎಕ್ಸ್‌ಸಿ ಫ್ರೇಮ್‌ವರ್ಕ್ ಬಳಸಿ. ಅದು ಒಂದೇ ಫೈಲ್ ಅಲ್ಲ, ಫೋಲ್ಡರ್. ಆರಿಸುವ ಕೆಲಸ ಆ್ಯಪಲ್‌ನ ಡೆವಲಪರ್ ಟೂಲ್ ಎಕ್ಸ್‌ಕೋಡ್‌ನದು.

ಆಂಡ್ರಾಯ್ಡ್: ಎಲ್ಲಿ ಹಂಚುತ್ತೀರಿ ಎಂಬುದರ ಮೇಲೆ

ಆಂಡ್ರಾಯ್ಡ್ ಆ್ಯಪ್ ಬರುವ ಎಪಿಕೆ ಎಂಬುದು ಒಂದು ಜಿಪ್ ಫೈಲ್. ಅದರಲ್ಲಿ ಪ್ರತಿ ಪ್ರೊಸೆಸರ್ ಜಾತಿಗೂ ಒಂದೊಂದು ಫೋಲ್ಡರ್: 64 ಬಿಟ್ ಆರ್ಮ್, 32 ಬಿಟ್ ಆರ್ಮ್, ಇಂಟೆಲ್ ಜಾತಿಯ ಎರಡು. ಇನ್‌ಸ್ಟಾಲ್ ಆಗುವಾಗ ಫೋನ್ ತನಗೆ ಹೊಂದುವ ಫೋಲ್ಡರ್ ಹಿಡಿಯುತ್ತದೆ. ಆ್ಯಪ್ ಬರೀ ಜಾವಾ ಅಥವಾ ಕಾಟ್ಲಿನ್ ಆಗಿದ್ದು ನೇಟಿವ್ ಲೈಬ್ರರಿಯೇ (ಪ್ರೊಸೆಸರ್ ಭಾಷೆಗೇ ಕಂಪೈಲ್ ಆದ ಲೈಬ್ರರಿ) ಇಲ್ಲದಿದ್ದರೆ ಈ ತಲೆನೋವು ನಿಮಗಿಲ್ಲ.

ಪ್ಲೇ ಸ್ಟೋರ್‌ನಲ್ಲಿ ಮಾತ್ರ ಹಂಚುವುದಾದರೆ ಯೋಚನೆಯೇ ಬೇಡ. ಹೊಸ ಆ್ಯಪ್‌ಗಳಿಗೆ 2021ರ ಆಗಸ್ಟ್‌ನಿಂದ ಆ್ಯಪ್ ಬಂಡಲ್ ಕಡ್ಡಾಯ. ನೀವು ಎಲ್ಲ ಫೋಲ್ಡರ್‌ಗಳನ್ನೂ ಒಂದು ಬಂಡಲ್‌ನಲ್ಲಿ ಕಳಿಸುತ್ತೀರಿ, ಪ್ಲೇ ಪ್ರತಿ ಫೋನ್‌ಗೆ ಬೇಕಾದ್ದನ್ನು ಮಾತ್ರ ಇಳಿಸುತ್ತದೆ. ಡೇಟಾ ಪ್ಯಾಕ್ ಎಣಿಸಿ ಎಣಿಸಿ ಬಳಸುವವರಿಗೆ ಇದು ದೊಡ್ಡ ಉಪಕಾರ.

ಆದರೆ ನಮ್ಮಲ್ಲಿ ಎಷ್ಟೋ ಎಪಿಕೆಗಳು ವಾಟ್ಸ್‌ಆ್ಯಪ್‌ನಲ್ಲಿ, ಪೆನ್‌ಡ್ರೈವ್‌ನಲ್ಲಿ ಕೈಯಿಂದ ಕೈಗೆ ಹೋಗುತ್ತವೆ. ಅಲ್ಲಿ ಆರಿಸುವವರು ಯಾರೂ ಇಲ್ಲ. ಅಲ್ಲಿಗೆ ಎರಡೂ ಆರ್ಮ್ ಇರುವ ಒಂದೇ ಎಪಿಕೆ ಕೊಡಿ. 64 ಬಿಟ್ ಮಾತ್ರ ಕೊಟ್ಟರೆ ಸಾಕು ಎನ್ನಬೇಡಿ. ಕಡಿಮೆ ಬೆಲೆಯ ಎಷ್ಟೋ ಫೋನ್‌ಗಳಲ್ಲಿ ಪ್ರೊಸೆಸರ್ 64 ಬಿಟ್ ಇದ್ದರೂ ಹಾಕಿರುವ ಆಂಡ್ರಾಯ್ಡ್ 32 ಬಿಟ್‌ನದು. ಇಂಟೆಲ್ ಫೋಲ್ಡರ್‌ಗಳನ್ನು ಧೈರ್ಯವಾಗಿ ಕಿತ್ತುಹಾಕಿ. ಅವು ಬೇಕಾಗುವುದು ಹೆಚ್ಚಾಗಿ ಕಂಪ್ಯೂಟರ್‌ನಲ್ಲಿ ಫೋನನ್ನು ಅನುಕರಿಸುವ ಎಮ್ಯುಲೇಟರ್‌ಗೆ. ಪ್ಲೇ ಮತ್ತು ಹೊರಗಿನ ಎಪಿಕೆ ಎರಡಕ್ಕೂ ಒಂದೇ ಸಹಿ ಕೀ ಇರಲಿ. ಇಲ್ಲದಿದ್ದರೆ ಒಂದರ ಮೇಲೆ ಇನ್ನೊಂದು ಇನ್‌ಸ್ಟಾಲ್ ಆಗುವುದಿಲ್ಲ.

ನನ್ನನ್ನು ಒಂದು ಇಡೀ ಭಾನುವಾರ ಕಾಡಿದ ತಪ್ಪನ್ನೂ ಹೇಳಿಬಿಡುತ್ತೇನೆ. ನನ್ನ ಆ್ಯಪ್‌ನಲ್ಲಿ ಎರಡು ನೇಟಿವ್ ಲೈಬ್ರರಿ ಇದ್ದವು. ಒಂದಕ್ಕೆ 32, 64 ಎರಡೂ ಇತ್ತು. ಇನ್ನೊಂದಕ್ಕೆ 32 ಮಾತ್ರ. 64 ಬಿಟ್ ಫೋನ್ 32 ಬಿಟ್ ಕೋಡನ್ನೂ ಓಡಿಸುತ್ತದಲ್ಲ, ಸಿಗದಿದ್ದನ್ನು ಅಲ್ಲಿಂದ ತೆಗೆದುಕೊಳ್ಳುತ್ತದೆ ಎಂದುಕೊಂಡಿದ್ದೆ. ಹಾಗಾಗುವುದಿಲ್ಲ. 64ರ ಫೋಲ್ಡರ್ ಕಂಡ ಕೂಡಲೇ ಫೋನ್ ಅದನ್ನೇ ಹಿಡಿಯುತ್ತದೆ, 32ರ ಕಡೆ ತಿರುಗಿಯೂ ನೋಡುವುದಿಲ್ಲ. ಆ್ಯಪ್ ತೆರೆದ ತಕ್ಷಣ ಲೈಬ್ರರಿ ಸಿಗಲಿಲ್ಲ ಎಂದು ಬಿತ್ತು. ಪ್ರತಿ ಫೋಲ್ಡರ್‌ನಲ್ಲೂ ಎಲ್ಲ ಲೈಬ್ರರಿ ಇರಬೇಕು, ಇಲ್ಲವೇ ಆ ಫೋಲ್ಡರೇ ಇರಬಾರದು.

ಲಿನಕ್ಸ್ ಮತ್ತು ಕಂಟೇನರ್

ಲಿನಕ್ಸ್‌ಗೂ ಫ್ಯಾಟ್ ಬೈನರಿ ತರಲು 2009ರಲ್ಲಿ ರಯಾನ್ ಗಾರ್ಡನ್ ಫ್ಯಾಟ್‌ಎಲ್ಫ್ ಎಂಬ ಯೋಜನೆ ಮಾಡಿದರು. ಹಲವು ಆಟಗಳನ್ನು ಲಿನಕ್ಸ್‌ಗೆ ತಂದವರು ಅವರು, ಹಂಚುವವರ ಕಷ್ಟ ಬಲ್ಲವರು. 32 ಮತ್ತು 64 ಬಿಟ್ ಎರಡೂ ಸೇರಿಸಿದ ಒಂದು ಉಬುಂಟುವನ್ನೇ ಓಡಿಸಿ ತೋರಿಸಿದರು. ಲಿನಕ್ಸ್‌ನ ತಿರುಳಾದ ಕರ್ನಲ್ ಬರೆಯುವವರು ಒಪ್ಪಲಿಲ್ಲ, ಯೋಜನೆ ನಿಂತಿತು. ನನಗೆ ಅವರ ಬಗ್ಗೆ ತುಂಬಾ ಗೌರವ. ಆದರೂ ಬೇಡವೆಂದವರ ವಾದದಲ್ಲಿ ಹುರುಳಿತ್ತು. ಲಿನಕ್ಸ್‌ನಲ್ಲಿ ಪ್ರೋಗ್ರಾಂ ತರುವುದು ಪ್ಯಾಕೇಜ್ ಮ್ಯಾನೇಜರ್, ಅದಕ್ಕೆ ಯಂತ್ರ ಯಾವುದು ಎಂದು ಗೊತ್ತು. ಹಾಗಾಗಿ ಇಲ್ಲಿ ಪ್ರೊಸೆಸರ್‌ಗೊಂದು ಫೈಲ್, ಅಷ್ಟೇ.

ಒಂದೇ ಕುಟುಂಬದ ಹಳೆಯ, ಹೊಸ ಪ್ರೊಸೆಸರ್‌ಗಳ ನಡುವಿನ ವ್ಯತ್ಯಾಸ ಬೇರೆ ವಿಷಯ. ಅದಕ್ಕಾಗಿ ಇಡೀ ಫೈಲ್ ಎರಡು ಮಾಡಬೇಡಿ. ಜಿಸಿಸಿ ಕಂಪೈಲರ್‌ಗೆ ಒಂದು ಫಂಕ್ಷನ್‌ನ ಮೇಲೆ ಗುರುತು ಹಾಕಿದರೆ ಅದರ ಹಲವು ರೂಪ ಮಾಡಿಟ್ಟು, ಓಡುವಾಗ ತಕ್ಕದ್ದನ್ನು ಆರಿಸುತ್ತದೆ. ಲೈಬ್ರರಿ ಮಟ್ಟದಲ್ಲಿ ಬೇಕಾದರೆ ಲಿನಕ್ಸ್‌ನ ಮೂಲ ಸಿ ಲೈಬ್ರರಿ ಜಿಲಿಬ್‌ಸಿಯ 2021ರ 2.33 ಆವೃತ್ತಿಯಿಂದ ಹೊಸ ಪ್ರೊಸೆಸರ್‌ಗಳಿಗೆಂದೇ ಬೇರೆ ಫೋಲ್ಡರ್ ಇಡಬಹುದು.

ಪ್ರೋಗ್ರಾಮನ್ನು ಅದಕ್ಕೆ ಬೇಕಾದ್ದೆಲ್ಲದರ ಜೊತೆ ಒಂದು ಇಮೇಜ್ ಆಗಿ ಕಟ್ಟಿ, ಕಂಟೇನರ್‌ನಲ್ಲಿ ಓಡಿಸುವ ಡಾಕರ್‌ನಲ್ಲಿ ಎರಡೂ ಕಡೆಯ ಲಾಭವಿದೆ. ಹೊರಗೆ ಒಂದೇ ಟ್ಯಾಗ್. ಅದರ ಹಿಂದೆ ಒಂದು ಪಟ್ಟಿ, ಪ್ರತಿ ಪ್ರೊಸೆಸರ್‌ಗೂ ಬೇರೆ ಇಮೇಜ್. ಎಳೆದುಕೊಳ್ಳುವ ಯಂತ್ರ ತನ್ನದನ್ನು ಮಾತ್ರ ಇಳಿಸಿಕೊಳ್ಳುತ್ತದೆ. ಎಂ1 ಲ್ಯಾಪ್‌ಟಾಪ್‌ನಲ್ಲಿ ಬಿಲ್ಡ್ ಮಾಡಿ ಇಂಟೆಲ್ ಸರ್ವರ್‌ಗೆ ಕಳಿಸಿದಾಗ 'ಎಕ್ಸೆಕ್ ಫಾರ್ಮ್ಯಾಟ್ ಎರರ್' ಕಂಡವರು ಬಹಳ. ಡಾಕರ್‌ನ ಬಿಲ್ಡ್‌ಎಕ್ಸ್‌ನಿಂದ ಎರಡೂ ಪ್ಲಾಟ್‌ಫಾರ್ಮ್‌ಗೆ ಮಾಡಿದರೆ ಅದು ತಪ್ಪುತ್ತದೆ. ಒಂದೇ ಯಂತ್ರದಲ್ಲಿ, ಬೇರೆ ಪ್ರೊಸೆಸರನ್ನು ಅನುಕರಿಸುವ ಕ್ಯೂಎಮು ಮೂಲಕ ಇನ್ನೊಂದರ ಕೋಡ್ ಕಂಪೈಲ್ ಮಾಡಿಸಿದರೆ ಮಾತ್ರ ತುಂಬಾ ನಿಧಾನ. ಭಾಷೆ ಗೋ ಆಗಿದ್ದರೆ ಕ್ರಾಸ್ ಕಂಪೈಲ್ ಮಾಡಿ, ಅಂದರೆ ಒಂದು ಪ್ರೊಸೆಸರ್‌ನಲ್ಲಿ ಕೂತು ಇನ್ನೊಂದರ ಕೋಡನ್ನು ನೇರವಾಗಿ ಮಾಡಿ. ದೊಡ್ಡ ಸಿ++ ಯೋಜನೆಯಾದರೆ ಆರ್ಮ್ ಬಿಲ್ಡ್‌ಗೆ ಆರ್ಮ್ ಯಂತ್ರವನ್ನೇ ಬಾಡಿಗೆಗೆ ಹಿಡಿಯಿರಿ.

ವಿಂಡೋಸ್, ಜಿಪಿಯು, ಇನ್ನೊಂದು ವಿಶೇಷ

ವಿಂಡೋಸ್‌ನಲ್ಲಿ ಇಎಕ್ಸ್‌ಇ ಫೈಲ್‌ಗೆ ಮಾಮೂಲಾಗಿ ಒಂದೇ ಪ್ರೊಸೆಸರ್. ಆರ್ಮ್64ಎಕ್ಸ್ ಎಂಬ ಎರಡು ಮುಖದ ಫೈಲ್ ಇದೆ, ಆದರೆ ಅದು ಮುಖ್ಯವಾಗಿ ನೇಟಿವ್ ಆರ್ಮ್ ಪ್ರೊಸೆಸ್‌ನಲ್ಲೂ ಎಮ್ಯುಲೇಷನ್ ಪ್ರೊಸೆಸ್‌ನಲ್ಲೂ ಲೋಡ್ ಆಗಬೇಕಾದ ಡಿಎಲ್‌ಎಲ್‌ಗಳಿಗೆ. ಇಂಟೆಲ್ ಯಂತ್ರದಲ್ಲಿ ಓಡಿಸಲು ಅಲ್ಲ. ಸಾಮಾನ್ಯ ಆ್ಯಪ್‌ಗೆ ಇಂಟೆಲ್ ಫೈಲನ್ನು ಮುಂದಿಡಿ. ವಿಂಡೋಸ್ 11 ಇರುವ ಆರ್ಮ್ ಲ್ಯಾಪ್‌ಟಾಪ್ ಅದನ್ನು ಎಮ್ಯುಲೇಟ್ ಮಾಡಿ ಓಡಿಸುತ್ತದೆ. ಆರ್ಮ್ ಬಿಲ್ಡ್ ಪಕ್ಕದಲ್ಲಿರಲಿ.

ಎನ್‌ವಿಡಿಯಾ ಜಿಪಿಯುಗಳಿಗೆ (ಗ್ರಾಫಿಕ್ಸ್ ಪ್ರೊಸೆಸರ್) ಕೋಡ್ ಬರೆಯಲು ಕುಡಾ ಬಳಸುವವರು ತಿಳಿದೋ ತಿಳಿಯದೆಯೋ ಫ್ಯಾಟ್ ಬೈನರಿ ಮಾಡುತ್ತಲೇ ಇದ್ದಾರೆ. ಒಂದೇ ಫೈಲ್‌ನಲ್ಲಿ ಹಲವು ಜಿಪಿಯು ಪೀಳಿಗೆಗಳ ಕೋಡ್ ಇರುತ್ತದೆ. ಪೀಳಿಗೆ ಸಂಖ್ಯೆ 8.0ಕ್ಕೆ ಮಾಡಿದ ಕೋಡ್ 8.6ರಲ್ಲಿ ಓಡುತ್ತದೆ, 9.0ರಲ್ಲಿ ಓಡುವುದಿಲ್ಲ. ಹಾಗಾಗಿ ನಿಮ್ಮ ಕೈಯಲ್ಲಿರುವ ಪೀಳಿಗೆಗಳನ್ನು ಮಾತ್ರ ಸೇರಿಸಿ. ಜೊತೆಗೆ ಯಾವ ಒಂದು ಪೀಳಿಗೆಗೂ ಕಟ್ಟುಬೀಳದ ಪಿಟಿಎಕ್ಸ್ ಎಂಬ ನಡುವಿನ ರೂಪವೊಂದನ್ನು ಇಡಿ. ಮುಂದೆ ಬರುವ ಜಿಪಿಯುಗೆ ಡ್ರೈವರ್ ಅದರಿಂದಲೇ ಕೋಡ್ ಮಾಡಿಕೊಳ್ಳುತ್ತದೆ, ಮೊದಲ ಸಲ ಸ್ವಲ್ಪ ಕಾಯಬೇಕು ಅಷ್ಟೇ.

ಜಸ್ಟೀನ್ ಟನಿ ಅವರ ಕಾಸ್ಮೊಪಾಲಿಟನ್ ಎಂಬ ಸಿ ಲೈಬ್ರರಿ ಎಲ್ಲಕ್ಕಿಂತ ಮುಂದೆ ಹೋಗಿದೆ. ಅದರಿಂದ ಕಟ್ಟಿದ ಒಂದೇ ಫೈಲ್ ಲಿನಕ್ಸ್, ಮ್ಯಾಕ್, ವಿಂಡೋಸ್ ಮೂರರಲ್ಲೂ ಓಡುತ್ತದೆ. 2023ರಿಂದ ಇಂಟೆಲ್, ಆರ್ಮ್ ಎರಡೂ ಅದರೊಳಗಿವೆ. ಎಐ ಭಾಷಾ ಮಾಡೆಲನ್ನು ಒಂದೇ ಫೈಲ್‌ನಲ್ಲಿ ಕೊಡುವ ಮೊಜಿಲ್ಲಾದ ಲಾಮಾಫೈಲ್ ಕಟ್ಟಿರುವುದು ಇದರ ಮೇಲೆಯೇ. ವಿಂಡೋಸ್‌ನಲ್ಲಿ 4 ಜಿಬಿಗಿಂತ ದೊಡ್ಡ ಇಎಕ್ಸ್‌ಇ ಓಡದ ಕಾರಣ ದೊಡ್ಡ ಮಾಡೆಲ್‌ಗಳನ್ನು ಅಲ್ಲಿ ಹೊರಗಿಡಬೇಕು. ಕಮ್ಯಾಂಡ್ ಲೈನ್ ಟೂಲ್‌ಗೆ ಇದನ್ನು ಖುಷಿಯಿಂದ ಸೂಚಿಸುತ್ತೇನೆ. ಕಿಟಕಿ, ಮೆನು ಇರುವ ಆ್ಯಪ್‌ಗೆ ಇಲ್ಲ.

ಬಿಡುವ ಮುಂಚೆ, ಬಿಟ್ಟ ಮೇಲೆ

ಫೈಲ್ ಹೊರಗೆ ಹೋಗುವ ಮುಂಚೆ ಲಿಪೊದಿಂದ ಒಳಗೆ ಏನಿದೆ ಎಂದು ಪಟ್ಟಿ ತೆಗೆಸಿ. ಮುಖ್ಯ ಪ್ರೋಗ್ರಾಂ ಮಾತ್ರ ಅಲ್ಲ, ಆ್ಯಪ್‌ನೊಳಗಿನ ಪ್ರತಿ ಲೈಬ್ರರಿ, ಪ್ರತಿ ಸಹಾಯಕ ಟೂಲ್ ಕೂಡ. ಇದನ್ನು ಬಿಲ್ಡ್ ಸ್ಕ್ರಿಪ್ಟ್‌ಗೇ ಸೇರಿಸಿ, ಒಂದು ಸ್ಲೈಸ್ ಕಾಣದಿದ್ದರೂ ಬಿಲ್ಡ್ ನಿಲ್ಲುವಂತೆ ಮಾಡಿ. ಎಂ1ರಲ್ಲೇ ಇಂಟೆಲ್ ಸ್ಲೈಸನ್ನು ಒತ್ತಾಯಿಸಿ ಓಡಿಸಲು ಆರ್ಚ್ ಎಂಬ ಕಮ್ಯಾಂಡ್ ಇದೆ. ಆದರೆ ಅದು ರೊಸೆಟ್ಟಾ ಮೂಲಕ ಓಡುವುದು. ನಿಜವಾದ ಇಂಟೆಲ್ ಮ್ಯಾಕ್‌ನಲ್ಲಿ ಒಮ್ಮೆಯಾದರೂ ತೆರೆದು ನೋಡದೆ ಬಿಡಬೇಡಿ.

ಇಂಟೆಲ್ ಸ್ಲೈಸನ್ನು ಯಾವಾಗ ತೆಗೆಯಬೇಕು ಎಂದು ಈಗ ಎಲ್ಲರೂ ಕೇಳುತ್ತಿದ್ದಾರೆ. ನಿಮ್ಮ ಆ್ಯಪ್ ಬೆಂಬಲಿಸುವ ಅತಿ ಹಳೆಯ ಮ್ಯಾಕ್‌ಓಎಸ್ ಯಾವುದು ನೋಡಿ. ಅದು 26 ಅಥವಾ ಹಿಂದಿನದಾಗಿದ್ದರೆ ಇಂಟೆಲ್ ಬಳಸುವವರು ನಿಮ್ಮಲ್ಲಿ ಇದ್ದಾರೆಂದೇ ಲೆಕ್ಕ. ತೆಗೆಯುವ ದಿನ ಬಂದಾಗ ಎರಡೂ ಸ್ಲೈಸ್ ಇರುವ ಕೊನೆಯ ಆವೃತ್ತಿಯನ್ನು ಡೌನ್‌ಲೋಡ್ ಪುಟದಲ್ಲಿ ಹಾಗೇ ಉಳಿಸಿ.

ಮೈಸೂರಿನ ಆ ಐಮ್ಯಾಕ್ ಇನ್ನೂ ಓಡುತ್ತಿದೆ. ಹಳೆಯ ಲಗ್ನಪತ್ರಿಕೆಗಳನ್ನೆಲ್ಲ ಅವರು ಈಗ ಯೂನಿಕೋಡ್‌ಗೆ ತರುತ್ತಿದ್ದಾರೆ. ನನ್ನ ಪುಟದಲ್ಲಿ ಈಗ ಇರುವುದು ಒಂದೇ ಬಟನ್.